74 ಗ್ರಾಂ ಹಾಕಿ 90 ಗ್ರಾಂ ತೆಗೆಯೋದು ಹ್ಯಾಗೆ?

ಬಹಳ ದಿನ ಆಯಿತು ಇಲ್ಲಿ ಬರೆಯದೆ. ಸೆಪ್ಟೆಂಬರ್ ಕ್ಲೋಸಿಂಗ್ ಗಡಿಬಿಡಿ ಅಂತ ನೆಪ ಹೇಳಬಹುದು, ಆದರೆ ನಿಜ ಸಂಗತಿ ಬೇರೆ. ಒಂದು ತಿಂಗಳಿಂದ ಡೊಂಬಿವಲಿಯ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಕೆಮಿಸ್ಟ್ರಿ ಓದುತ್ತಾ ಕೂತಿದ್ದೇನೆ. ನಗಬೇಡಿ!

ಮಗಳು ಈ ವರ್ಷ ಬಿ.ಎಸ್ಸಿ. ಸೇರಿದಳು. ಹನ್ನೆರಡನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು. ಆದರೆ ಕಾಲೇಜಿನ ಮೊದಲ ಕೆಮಿಸ್ಟ್ರಿ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ನಾಲ್ಕು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ, "ಅಪ್ಪಾ, ನಾನೂ ಕಾಮರ್ಸಿಗೇ ಹೋಗ್ತೀನಿ" ಅಂದಳು. ಆ 'ನಾನೂ' ಇದೆಯಲ್ಲ, ಅದು ಚುಚ್ಚಿತು ನೋಡಿ. ಯಾಕೆಂದರೆ ಸಾಗರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ನಾನು ಕಾಮರ್ಸ್ ತಗೊಂಡಿದ್ದು ಇಷ್ಟಪಟ್ಟು ಅಲ್ಲ, ರಸಾಯನಶಾಸ್ತ್ರಕ್ಕೆ ಹೆದರಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಉತ್ತರಪತ್ರಿಕೆ ತರಿಸಿಕೊಂಡು ನೋಡಿದೆ. ಒಂದು ಪ್ರಶ್ನೆ ಹೀಗಿತ್ತು: 10 ಗ್ರಾಂ ಜಲಜನಕ, 64 ಗ್ರಾಂ ಆಮ್ಲಜನಕ ಸೇರಿದರೆ ಎಷ್ಟು ನೀರು? ಅವಳು ಬರೆದಿದ್ದು 90 ಗ್ರಾಂ. ನನಗೆ ಸೂತ್ರ ಗೊತ್ತಿಲ್ಲ, ಆದರೆ ಕೂಡಿಸೋದು ಗೊತ್ತಲ್ಲ. ಒಳಗೆ ಹೋಗಿದ್ದೇ 74, ಹೊರಗೆ 90 ಬರೋದು ಹ್ಯಾಗೆ? ನಮ್ಮ ಕ್ಯಾಷ್ ಕೌಂಟರಿನಲ್ಲಿ ಹೀಗಾದರೆ ಸಂಜೆ ಯಾರೂ ಮನೆಗೆ ಹೋಗೋ ಹಾಗಿಲ್ಲ. ಕೇಳಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟು, "ಅಷ್ಟು ಯೋಚನೆ ಮಾಡ್ಲಿಲ್ಲ ಅಪ್ಪಾ, ಫಾರ್ಮುಲಾ ಹಾಕಿದೆ" ಅಂದಳು.

ನನ್ನ ತಕರಾರು ಇರೋದೇ ಇಲ್ಲಿ. ಮೋಲ್ ಅನ್ನೋದು ಹನ್ನೊಂದನೇ ಕ್ಲಾಸಿನ ಮೊದಲ ಪಾಠ. ಅದನ್ನು ಆಗಲೇ ಕಲಿತಿದ್ದಾರೆ ಅಂದುಕೊಂಡು ಕಾಲೇಜಿನವರು ನೇರ ಆರ್ಬಿಟಲ್, ಕ್ವಾಂಟಮ್ ನಂಬರ್ ಅಂತ ಹೊರಡುತ್ತಾರೆ. ಕಲಿತಿದ್ದು ಎಲ್ಲಿ? ಸಿಇಟಿಗೆ ನಾಲ್ಕು ಉತ್ತರದಲ್ಲಿ ಒಂದನ್ನು ಗುರುತಿಸೋದು ಕಲಿತರು, ಅಷ್ಟೇ.

ನಾನು ಮೋಲ್ ಅರ್ಥ ಮಾಡಿಕೊಂಡಿದ್ದು ಚಿಲ್ಲರೆ ಚೀಲದಿಂದ. ಚಿಲ್ಲರೆಯನ್ನು ಎಣಿಸುತ್ತಾ ಕೂತರೆ ದಿನ ಸಾಲದು ಅಂತ ಬ್ಯಾಂಕಿನಲ್ಲಿ ತೂಗುವ ಪದ್ಧತಿ ಇದೆ. 2011ರ ಮಾದರಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ. 379 ಗ್ರಾಂ ತೂಗಿದರೆ ನೂರು ರೂಪಾಯಿ, ಎಣಿಸುವ ಗೋಜೇ ಇಲ್ಲ. ಪರಮಾಣುವನ್ನೂ ಕೈಯಲ್ಲಿ ಎಣಿಸಲಾಗದು, ಅದಕ್ಕೇ ತೂಕ. 12 ಗ್ರಾಂ ಇಂಗಾಲದಲ್ಲಿ 6.022 × 10²³ ಪರಮಾಣುಗಳು. ಡಜನ್ ಇದ್ದ ಹಾಗೆ, ಸ್ವಲ್ಪ ದೊಡ್ಡ ಡಜನ್! 2019ರ ಮೇ 20ರಿಂದ ಈ ಸಂಖ್ಯೆಯನ್ನೇ ಖಾಯಂ ಮಾಡಿ, ಮೋಲ್ ಅಂದರೆ ಇಷ್ಟು ಅಂತ ನಿಗದಿ ಮಾಡಿದ್ದಾರೆ. ಅಂದರೆ ಈಗ ಅಧಿಕೃತವಾಗಿಯೂ ಮೋಲ್ ಒಂದು ಎಣಿಕೆ.

ಚೀಲದಲ್ಲಿ ಹಳೆಯ 4.85 ಗ್ರಾಮಿನ ರೂಪಾಯಿಗಳೂ ಬೆರೆತಿದ್ದರೆ? ಆಗ ಸರಾಸರಿ ಹಿಡಿಯಬೇಕು. ಕ್ಲೋರಿನ್ನಿನದೂ ಇದೇ ಕಥೆಯಂತೆ. 35 ತೂಕದ್ದು ಸುಮಾರು ಮೂರು ಪಾಲು, 37ರದ್ದು ಒಂದು ಪಾಲು, ಪುಸ್ತಕದಲ್ಲಿ 35.45. ಆ ತೂಕದ ಪರಮಾಣು ಒಂದೂ ಇಲ್ಲ! ಇದನ್ನು ಹೇಳಿದಾಗ ಮಗಳು ಮೊದಲ ಸಲ ನಕ್ಕಳು.

ಅಂದ ಹಾಗೆ, ಜಲಜನಕ, ಆಮ್ಲಜನಕ ಅನ್ನೋ ಪದಗಳು ಅವಳಿಗೆ ಗೊತ್ತೇ ಇರಲಿಲ್ಲ, ಮುಂಬೈ ಇಂಗ್ಲಿಷ್ ಮೀಡಿಯಂ ಕೂಸು. ಅರ್ಥ ಬಿಡಿಸಿ ಹೇಳಿದೆ: ನೀರು ಹುಟ್ಟಿಸೋದು, ಆಮ್ಲ ಹುಟ್ಟಿಸೋದು. ಫ್ರಾನ್ಸಿನ ಲವಾಸಿಯೆ ಕೊಟ್ಟ ಹೆಸರುಗಳ ಅರ್ಥವೂ ಇದೇ. ಎಲ್ಲ ಆಮ್ಲದಲ್ಲೂ ಆಮ್ಲಜನಕ ಇರಲೇಬೇಕು ಅಂತ ಅವನು ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದಿಲ್ಲ ಅಂತ 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ತಪ್ಪು ಹೋಯಿತು, ಹೆಸರು ಉಳಿಯಿತು. ಈ ಲವಾಸಿಯೆ ಹೊಟ್ಟೆಪಾಡಿಗೆ ತೆರಿಗೆ ವಸೂಲಿ ಕಂಪನಿಯ ಪಾಲುದಾರ, ನಮ್ಮ ಪೈಕಿಯವನೇ ಅನ್ನಿ. ಕ್ರಿಯೆಗೆ ಮೊದಲೂ ಆಮೇಲೂ ತೂಗಿ, ಎರಡೂ ಕಡೆ ತಾಳೆ ಆಗಬೇಕು ಅಂತ ಹಟ ಹಿಡಿದವನು. ಪಾಪ, ಆ ತೆರಿಗೆಯ ನಂಟಿಗೇ 1794ರಲ್ಲಿ ತಲೆ ಹೋಯಿತು.

ಮೊದಲ ಹದಿನೈದು ದಿನ ಬರೀ ಈ ತಾಳೆ ನೋಡೋದನ್ನು ಕಲಿಸಿದರೆ ಕಾಲೇಜಿನವರ ಗಂಟೇನು ಹೋಗುತ್ತೆ? ಸಿಲಬಸ್ ಮುಗಿಯೋದಿಲ್ಲ ಅಂತಾರೆ. ಅವರ ಕಷ್ಟ ಗೊತ್ತು ಬಿಡಿ, ನಮಗೂ ಟಾರ್ಗೆಟ್ ಇರ್ತದೆ. ಆದರೆ ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ದರೆ ವರ್ಷವಿಡೀ ಎಂಟ್ರಿ ಹಾಕಿ ಏನು ಪ್ರಯೋಜನ?

ಅದೇ ಲೆಕ್ಕವನ್ನು ನಿನ್ನೆ ಮತ್ತೆ ಮಾಡಿಸಿದೆ. ಜಲಜನಕ 5 ಮೋಲ್, ಆಮ್ಲಜನಕ 2 ಮೋಲ್. ಒಂದು ಆಮ್ಲಜನಕಕ್ಕೆ ಎರಡು ಜಲಜನಕ ಬೇಕು, ಹಾಗಾಗಿ ಮೊದಲು ಖರ್ಚಾಗೋದು ಆಮ್ಲಜನಕ. ನೀರು 72 ಗ್ರಾಂ. "ತಾಳೆ ನೋಡು" ಅಂದೆ. "ಎರಡು ಗ್ರಾಂ ಜಲಜನಕ ಉಳೀತು ಅಪ್ಪಾ" ಅಂದಳು, ಹೊಸ ಪದ ಬಳಸಿ.

ಮುಂದಿನ ವಾರ ಇನ್ನೊಂದು ಟೆಸ್ಟ್ ಇದೆ. ಕಾಮರ್ಸಿನ ಮಾತು ಸದ್ಯಕ್ಕೆ ನಿಂತಿದೆ. ನಿಮ್ಮ ಮನೆಯಲ್ಲೂ ಮೊದಲ ವರ್ಷದ ಮಕ್ಕಳಿದ್ದರೆ, ಅಲ್ಲಿ ಹ್ಯಾಗೆ ಶುರು ಮಾಡಿದರು ಅಂತ ಎರಡು ಸಾಲು ಬರೆದು ತಿಳಿಸಿ.