ಮೊಳ ಹಾಕಿಯೇ ಕೊಡೋಣ



‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ಪಡೆದವರನ್ನು ಹಂಗಿಸುವುದು ನಮ್ಮಲ್ಲಿ ವಾಡಿಕೆ. ಕೊಟ್ಟವರು ಮೊಳ ಹಾಕಿ ಕೊಟ್ಟಿದ್ದರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮನೆಮನೆಯ ಹಳೆಯ ಸೈಕಲ್ಲುಗಳನ್ನು ಕೂಡಿಸಿ ಬಡ ಮಕ್ಕಳಿಗೆ ಹಂಚಬೇಕೆಂಬ ಮಾತು ಸಂಘದಲ್ಲಿ ಎದ್ದಿರುವುದರಿಂದ ನಾವು ಆ ಪ್ರಶ್ನೆಯನ್ನು ಈಗಲೇ ಕೇಳುತ್ತೇವೆ. ರಿಪೇರಿ ಮಾಡಿಸದೆ ಸೈಕಲ್ ಕೊಡುವುದು ದಾನವಲ್ಲ. ನಮ್ಮ ಬಾಲ್ಕನಿ ಖಾಲಿ ಮಾಡಿಕೊಳ್ಳುವ ಉಪಾಯ.

ಪರರ ತಪ್ಪು ಎತ್ತಿ ಆಡುವ ಮೊದಲು ನಮ್ಮದನ್ನು ಒಪ್ಪಿಕೊಳ್ಳುತ್ತೇವೆ. ತಂದೆಯವರು 1974ರಲ್ಲಿ ಧಾರವಾಡದಲ್ಲಿ ಕೊಂಡ ಅಟ್ಲಾಸ್ ಸೈಕಲ್ಲಿನ ಮೇಲೆ ಓಡಾಡಿಯೇ ನಾವು ಬಿ.ಎಸ್‌ಸಿ. ಮುಗಿಸಿದ್ದು. ನೌಕರಿಗೆಂದು ಪುಣೆಗೆ ಬಂದಾಗ ಅದೂ ರೈಲಿನಲ್ಲಿ ಬಂತು. ಸ್ಕೂಟರ್ ಬಂದ ಮೇಲೆ ಬಾಲ್ಕನಿ ಸೇರಿತು. ಕಳೆದ ಮಳೆಗಾಲಕ್ಕೆ ಮೊದಲು ಗಾಳಿ ತುಂಬಿಸಿ, ಬಟ್ಟೆಯಿಂದ ಒರೆಸಿ, ನಮ್ಮ ಕಟ್ಟಡದ ಕಾವಲುಗಾರರ ಹದಿಮೂರು ವರ್ಷದ ಮಗನಿಗೆ ಕೊಟ್ಟೆವು. ಯಾದಗಿರಿ ಕಡೆಯವರು, ಕನ್ನಡಿಗರೇ, ಆದರೆ ಸಂಘದ ಸದಸ್ಯರಲ್ಲ.

ಮೂರನೆಯ ವಾರ ಮಳೆಯಲ್ಲಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹುಡುಗ ಗೋಡೆಗೆ ಬಡಿದು ಮುಂಗೈ ಮುರಿದುಕೊಂಡ. ಅವನ ತಾಯಿ ನಮ್ಮ ಬಾಗಿಲಿಗೆ ಬಂದು ಹೇಳಿದ್ದು ಇಷ್ಟೇ: “ಸಾಹೇಬ್ರ, ನಿಮ್ಮ ಗಾಡಿ ಬಗ್ಗೇತ್ರಿ. ತಪ್ಪ ತಿಳೀಬ್ಯಾಡ್ರಿ.”

ತಪ್ಪು ಯಾರದೆಂದು ನಮಗೆ ಗೊತ್ತಿತ್ತು. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತಿ ಚಕ್ರವನ್ನು ನಿಲ್ಲಿಸಬೇಕು. ರಬ್ಬರು ಕಲ್ಲಿನಂತಾಗಿ, ಉಕ್ಕಿನ ರಿಮ್ಮು ತೊಯ್ದಿದ್ದರೆ ಹಿಡಿತವೆಲ್ಲಿಯದು? ಪ್ಲಾಸ್ಟರಿನ ಖರ್ಚನ್ನು ಕೊಟ್ಟೆವು. ಆ ತಾಯಿಯ ಮಾತಿನ ಋಣ ಅದರಿಂದ ತೀರಲಿಲ್ಲ.

‘ಹಳೆಯದಕ್ಕೆ ಬಿಡಿಭಾಗಗಳೆಲ್ಲಿ?’ ಎನ್ನುವವರಿದ್ದಾರೆ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಮುಚ್ಚಿತೆಂಬುದು ನಿಜ. ಆದರೆ ಇದೇ ಮಾದರಿಯ ಸೈಕಲ್ಲುಗಳು ಲುಧಿಯಾನದಲ್ಲಿ ಇಂದಿಗೂ ತಯಾರಾಗುತ್ತಿವೆ, ಭಾಗಗಳಿಗೆ ಬರವಿಲ್ಲ. ಅಳತೆಯಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ 28 ಇಂಚಿನ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ.; ಈಗಿನ ಹೈಬ್ರಿಡ್ ಸೈಕಲ್ಲುಗಳ 700ಸಿ ರಿಮ್ಮಿನದು 622. ಒಂದರ ಟೈರು ಇನ್ನೊಂದಕ್ಕೆ ಕೂರದು. ಚಕ್ರವನ್ನೇ ಬದಲಿಸಿದರೆ ಬ್ರೇಕಿನ ರಬ್ಬರು ಸರಿಯಾದ ಜಾಗಕ್ಕೆ ಮುಟ್ಟದು.

‘ಫ್ರೇಮೇ ಮುದಿಯಾಗಿದೆಯಲ್ಲ?’ ಎಂದರೆ, ಅದಕ್ಕೂ ಪರೀಕ್ಷೆಯಿದೆ. ಕೊಳವೆಗಳು ಕೂಡುವಲ್ಲಿ ಬಿರುಕಿದೆಯೇ, ತುಕ್ಕು ತಿಂದಿದೆಯೇ ನೋಡಿ. ಹಿಂದಿನ ಚಕ್ರ ಕೂರುವ ಒಂದು ಕಿವಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೊಳವೆಯನ್ನು ಬಳಸಿ, ಇನ್ನೊಂದು ಕಿವಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿ ಸಮವಿದ್ದರೆ ಫ್ರೇಮು ನೇರವಾಗಿದೆ. ನಮ್ಮದು ನೇರವಾಗಿತ್ತು; ಬಗ್ಗಿದ್ದು ಮುಂದಿನ ಫೋರ್ಕು ಮಾತ್ರ. ಫೋರ್ಕು, ರಿಮ್ಮು, ಟೈರು, ಬ್ರೇಕಿನ ರಬ್ಬರು, ಬಾಲ್ಸು, ಕಾಟರ್ ಪಿನ್ನು ಎಲ್ಲ ಹೊಸದು ಹಾಕಿಸಿದರೂ ಖರ್ಚು ಹೊಸ ಗೇರು ಸೈಕಲ್ಲಿನ ಬೆಲೆಯ ಕಾಲು ಭಾಗ ದಾಟಲಿಲ್ಲ.

ಆಮೇಲೆ ಹುಡುಗನನ್ನು ಸೈಕಲ್ಲಿನ ನಡುವೆ ನಿಲ್ಲಿಸಿದೆವು. 24 ಇಂಚಿನ ಫ್ರೇಮು; ಅವನ ಎರಡೂ ಪಾದ ನೆಲಕ್ಕೆ ಊರಲಿಲ್ಲ! ಮೊದಲ ದಿನವೇ ಕಾಣಬೇಕಾಗಿದ್ದುದು ಕೈ ಮುರಿದ ಮೇಲೆ ಕಂಡಿತು. ಈಗ ಆ ಸೈಕಲ್ಲಿನ ಮೇಲೆ ಅವನ ತಂದೆ ರಾತ್ರಿ ಪಾಳಿಗೆ ಬರುತ್ತಾರೆ. ಚೈನ್‌ಕವರಿನ ಮೇಲಿದ್ದ ನಮ್ಮ ತಂದೆಯವರ ಹೆಸರನ್ನು ಅಳಿಸಿ ಅವರ ಹೆಸರು ಬರೆಸಲು ನಾವೇ ಹೇಳಿದೆವು. ಮಗನಿಗೆ, ನಮ್ಮ ಮಗಳು ಬಿಟ್ಟ ಚಿಕ್ಕ ಸೈಕಲ್ಲನ್ನು ರಿಪೇರಿ ಮಾಡಿಸಿ ಕೊಟ್ಟಿದ್ದೇವೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಅರಿಕೆ ಇಷ್ಟು: ಬ್ರೇಕ್ ಪರೀಕ್ಷಿಸದ ಒಂದು ಸೈಕಲ್ಲನ್ನೂ ಸ್ವೀಕರಿಸಬೇಡಿ, ರಿಪೇರಿಯ ಖರ್ಚನ್ನು ಕೊಡುವವರೇ ಹೊರಲಿ, ಮಗುವನ್ನು ನಿಲ್ಲಿಸಿ ಅಳೆಯದೆ ಹಂಚಬೇಡಿ, ಫೋಟೋ ಆಮೇಲೆ ತೆಗೆಸಿಕೊಳ್ಳೋಣ. ಕೊಡುವವರು ಮೊದಲೇ ಮೊಳ ಹಾಕಲಿ. ಪಡೆದವರು ಹಿತ್ತಲಿಗೆ ಹೋಗಿ ಮತ್ತೊಮ್ಮೆ ಹಾಕಿದರೆ, ಅದು ಅವರ ಹಕ್ಕು.