ಗಡಿಗೆಯಲ್ಲಿ ತರುಣರ ಚೀಟಿ

ಕಾಂಚೀಪುರಕ್ಕೆ ಸಮೀಪದ ಉತ್ತರಮೇರೂರಿನಲ್ಲಿ, ದೇವಾಲಯದ ಗೋಡೆಯ ಮೇಲೆ, ಚೋಳರ ಒಂದನೆಯ ಪರಾಂತಕನ ಕಾಲದ ಶಾಸನವೊಂದುಂಟು. ಹತ್ತನೆಯ ಶತಮಾನದ ಮೊದಲ ಭಾಗದ್ದು. ಊರಿನ ವಾರ್ಷಿಕ ಸಮಿತಿ, ತೋಟದ ಸಮಿತಿ, ಕೆರೆಯ ಸಮಿತಿ ಮುಂತಾದವುಗಳಿಗೆ ಸದಸ್ಯರನ್ನು ಆರಿಸತಕ್ಕ ಕ್ರಮವನ್ನು ಅದು ವಿವರಿಸುತ್ತದೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಗಡಿಗೆಗೆ ಹಾಕಿ, ಒಳಗೇನಿದೆಯೆಂದು ಅರಿಯದ ಬಾಲಕನೊಬ್ಬನಿಂದ ತೆಗೆಸುತ್ತಿದ್ದರು. ಅರ್ಹತೆಗೆ ಸ್ವಂತ ಭೂಮಿ, ಸ್ವಂತ ಮನೆ, ವೇದಜ್ಞಾನ ಇವೆಲ್ಲ ಬೇಕು. ವಯಸ್ಸು ೩೫ಕ್ಕೆ ಮೇಲ್ಪಟ್ಟು ೭೦ರ ಒಳಗಿರಬೇಕು. ಗಡಿಗೆಯೊಳಗೆ ಕೈಯಿಡುವವನು ಹುಡುಗ. ಅದರೊಳಗೆ ಹೆಸರಿರುವುದು ಹಿರಿಯರದು. ಕೆರೆಯ ಹೂಳು ತೆಗೆಯದೆ ಬಿಟ್ಟರೆ ಅದರ ಫಲವನ್ನು ಹೆಚ್ಚು ಕಾಲ ಉಣ್ಣತಕ್ಕವನು ಇವರಲ್ಲಿ ಯಾರು?

ವಾಯುಗುಣದ ವಿಷಯದಲ್ಲಿ ಇಂದು ಇಡೀ ಭೂಮಂಡಲದ ಸ್ಥಿತಿ ಹೀಗಿದೆ. ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳತೆಯನ್ನಾರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು ೩೧೫ ಭಾಗವಿತ್ತು. ಈಗ ೪೨೦ನ್ನು ಮೀರಿದೆ. ಹೀಗೆ ಸೇರಿದ ಅನಿಲದ ಒಂದಂಶ ಶತಮಾನಗಳವರೆಗೆ ಉಳಿಯುತ್ತದೆ. ಅದರ ಬಗ್ಗೆ ನಿರ್ಣಯ ಕೈಕೊಳ್ಳುವವರ ಪೈಕಿ ಅನೇಕರು ಆ ನಿರ್ಣಯದ ಪರಿಣಾಮವನ್ನು ಕಾಣಲು ಇರಲಾರರು.

ಚೀಟಿಯೆತ್ತಿ ಜನರನ್ನು ಆರಿಸುವ ಹಳೆಯ ಕ್ರಮ ಈಚೆಗೆ ಯೂರೋಪಿನಲ್ಲಿ ನಾಗರಿಕ ಸಭೆಗಳ ರೂಪದಲ್ಲಿ ಮತ್ತೆ ಬಳಕೆಗೆ ಬಂದಿದೆ. ಫ್ರಾನ್ಸಿನಲ್ಲಿ ೨೦೧೯ರ ಅಕ್ಟೋಬರಿನಿಂದ ೨೦೨೦ರ ಜೂನ್‌ವರೆಗೆ ನಡೆದ ವಾಯುಗುಣ ಸಭೆಗೆ, ಫೋನ್ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಎತ್ತಿ, ೧೫೦ ಮಂದಿಯನ್ನು ಕೂಡಿಸಿದರು. ವಯಸ್ಸು, ವಿದ್ಯೆ, ವೃತ್ತಿ, ಪ್ರದೇಶ ಮುಂತಾದವುಗಳಲ್ಲಿ ಅವರು ದೇಶದ ಪ್ರತಿಬಿಂಬವಾಗಿರುವಂತೆ ನೋಡಿಕೊಂಡರು. ೧೬ ವರ್ಷ ತುಂಬಿದವರಿಗೂ ಅವಕಾಶವಿತ್ತು. ಮತದ ಹಕ್ಕಿಲ್ಲದವರಿಗೆ ಮಾತಿನ ಹಕ್ಕು ದೊರೆಯಿತು. ಇದನ್ನು ನಾನು ಮೆಚ್ಚುತ್ತೇನೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ನಮ್ಮ ಅಡಿಗೆಮನೆಯ ಅನುಭವ. ಕುದಿಯುವ ನೀರು ಅಗುಳುಗಳನ್ನು ತಾನೇ ಕಲಸುವುದರಿಂದ ಅದು ಸಾಧ್ಯ. ಸಮಾಜವು ಹಾಗೆ ತಾನಾಗಿ ಕಲೆಯುವ ವಸ್ತುವಲ್ಲ. ತರುಣರ ಪ್ರತಿನಿಧಿ ಬೇಕೆಂದಾಗ ಶಾಲೆಯವರು ಕಳುಹಿಸುವುದು ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವನನ್ನು. ಅವನಿಗೆ ಮಾತು ಬರುತ್ತದೆ, ನಿಜ. ಆದರೆ ಹಿಂದಿನ ಬೆಂಚಿನವನ ಮನೆಯ ಬಾವಿ ಬತ್ತಿದ್ದು ಅವನಿಗೆ ತಿಳಿದಿರುವುದೆ? ಚೀಟಿಗಾದರೋ ಬಹುಮಾನದ ಹಂಗಿಲ್ಲ.

ಇಲ್ಲಿ ಇನ್ನೊಂದು ತೊಡಕುಂಟು. ಜನಸಂಖ್ಯೆಯ ಪ್ರಮಾಣದಲ್ಲಿಯೇ ಆರಿಸಿದರೆ ಹದಿಹರೆಯದವರ ಪಾಲಿಗೆ ಬರುವುದು ಕೆಲವೇ ಆಸನಗಳು. ಯೂರೋಪಿನ ಭವಿಷ್ಯದ ಕುರಿತು ೨೦೨೧-೨೨ರಲ್ಲಿ ನಡೆದ ನಾಗರಿಕ ಮಂಡಲಿಗಳಲ್ಲಿ ಮೂರರಲ್ಲೊಂದು ಪಾಲನ್ನು ೧೬ರಿಂದ ೨೫ ವರ್ಷದವರಿಗೆ ಮೀಸಲಿಟ್ಟಿದ್ದರು. ಲೆಕ್ಕಕ್ಕೆ ಇದು ವಕ್ರವೆನಿಸೀತು. ಮುಂದೆ ಬದುಕಬೇಕಾದ ವರ್ಷಗಳನ್ನು ಎಣಿಸುವುದಾದರೆ ನ್ಯಾಯವೇ ಸರಿ. ಐರ್ಲೆಂಡಿನವರು ೨೦೨೨ರಲ್ಲಿ ಜೀವವೈವಿಧ್ಯದ ನಾಶವನ್ನು ಕುರಿತು ೭ರಿಂದ ೧೭ ವರ್ಷದ ೩೫ ಮಕ್ಕಳ ಪ್ರತ್ಯೇಕ ಸಭೆಯನ್ನೇ ಕರೆದರು. ಆದರೂ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸುವುದಕ್ಕಿಂತ ಹಿರಿಯರ ನಡುವೆ ಕೂರಿಸುವುದೇ ನನಗೆ ಹಿತವೆನಿಸುತ್ತದೆ.

ಹುಡುಗರಿಗೇನು ತಿಳಿದೀತು ಎನ್ನುವವರುಂಟು. ಫ್ರಾನ್ಸಿನ ಆ ೧೫೦ ಮಂದಿಯೂ ತಜ್ಞರಾಗಿ ಬಂದವರಲ್ಲ; ವಿಜ್ಞಾನಿಗಳನ್ನು ಪ್ರಶ್ನಿಸಿ, ತಮ್ಮೊಳಗೆ ವಾದಿಸಿ, ಕಲಿತವರು. ಕಲಿಯುವುದು ೧೬ ವರ್ಷದವನಿಗೆ ನಿತ್ಯದ ಕೆಲಸ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಆ ಸಭೆ ೧೪೯ ಸಲಹೆಗಳನ್ನು ಕೊಟ್ಟಿತು. ಅವುಗಳನ್ನು ಸೋಸದೆಯೇ ಮುಂದೊಯ್ಯುವುದಾಗಿ ಅಧ್ಯಕ್ಷ ಮ್ಯಾಕ್ರನ್ ಮಾತು ಕೊಟ್ಟಿದ್ದರು. ಮೂರನ್ನು ಅವರು ಆಗಲೇ ಬದಿಗಿಟ್ಟರು; ಹೆದ್ದಾರಿಯ ವೇಗವನ್ನು ಗಂಟೆಗೆ ೧೧೦ ಕಿಲೋಮೀಟರಿಗೆ ಇಳಿಸಬೇಕೆಂಬುದು ಅವುಗಳಲ್ಲೊಂದು. ರೈಲಿನಲ್ಲಿ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಊರುಗಳಿಗೆ ವಿಮಾನ ಬೇಡವೆಂದು ಸಭೆ ಹೇಳಿತ್ತು. ೨೦೨೧ರ ಕಾನೂನಿನಲ್ಲಿ ಅದು ಎರಡೂವರೆ ಗಂಟೆಯಾಯಿತು. ಸಲಹೆಗಳಿಗೆ ಸರಕಾರ ಕೊಟ್ಟ ಮನ್ನಣೆಗೆ ಸದಸ್ಯರು ೨೦೨೧ರ ಫೆಬ್ರುವರಿಯಲ್ಲಿ ಹಾಕಿದ ಅಂಕ, ಸರಾಸರಿ ಹತ್ತಕ್ಕೆ ೩.೩. ಚುನಾಯಿತ ಶಾಸನಸಭೆಯ ಸ್ಥಾನವನ್ನು ಚೀಟಿಯ ಸಭೆ ಆಕ್ರಮಿಸಬೇಕೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಸಲಹೆಗೂ, ಒಪ್ಪಿದೆವು ಅಥವಾ ಈ ಕಾರಣದಿಂದ ಒಪ್ಪಲಿಲ್ಲ ಎಂಬ ಲಿಖಿತ ಉತ್ತರ, ಗೊತ್ತಾದ ದಿನದೊಳಗೆ ಬರಬೇಕು. ಈ ಕಟ್ಟುಪಾಡನ್ನು ಮೊದಲೇ ಮಾಡದೆ ತರುಣರನ್ನು ಕರೆಯುವುದು ಮದುವೆಮನೆಯಲ್ಲಿ ಪನ್ನೀರು ಚಿಮುಕಿಸಲು ಕರೆದಂತೆ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತಿರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು. ಚೀಟಿಯನ್ನೂ ಲಿಖಿತ ಉತ್ತರವನ್ನೂ ಅಲ್ಲಿಯೇ ಪರೀಕ್ಷಿಸಿ ನೋಡಬಹುದು. ಊರಿನ ಕೆರೆಯನ್ನೇ ಮೊದಲ ಪ್ರಶ್ನೆಯಾಗಿ ಎತ್ತಿಕೊಳ್ಳಬಹುದು. ಶಾಲೆಯ ಹಾಜರಿ ಪುಸ್ತಕವೂ ಒಂದು ಗಡಿಗೆಯೂ ಇದ್ದರೆ ಆರಂಭಕ್ಕೆ ಸಾಕು. ಶಾಲೆ ಬಿಟ್ಟು ಕೂಲಿಗೆ ಹೋಗುವವರ ಹೆಸರು ಮಾತ್ರ ಆ ಪುಸ್ತಕದಲ್ಲಿರುವುದಿಲ್ಲ. ಅವರ ಚೀಟಿಗಳನ್ನು ಮನೆಮನೆಗೆ ಹೋಗಿ ಬರೆದು ತರಬೇಕಾದೀತು.