ತಿಮ್ಮಪ್ಪನೂ ಬೇಕು, ತೊಟ್ಟಿಲೂ ಬೇಕು

ಈ ವಾರ ಸಿಟ್ಟು ತರಿಸಿದ್ದು ಬೆಂಗಳೂರಿನ ಒಂದು ದೊಡ್ಡ ಕಂಪನಿಯೊಳಗಿನ ಉಪನ್ಯಾಸ. ಹೆರಿಗೆ ರಜೆ ಮುಗಿಸಿ ಬಂದ ತಾಯಂದಿರಿಗೆ ಧೈರ್ಯ ತುಂಬುವ ಕಾರ್ಯಕ್ರಮವಂತೆ. ಭಾಷಣಕಾರರು ಮುಕ್ಕಾಲು ಗಂಟೆ ಮಾತಾಡಿದರು. ಭಾರವನ್ನೆಲ್ಲ ದೇವರ ಮೇಲೆ ಹಾಕಿ, ಉಸಿರಿನ ಮೇಲೆ ಗಮನವಿಡಿ, ಮಗುವನ್ನು ಬಿಟ್ಟು ಬಂದ ಸಂಕಟವನ್ನೂ ‘ಪರ್ಸನಲ್ ಗ್ರೋತ್’ ಅಂದುಕೊಳ್ಳಿ ಎಂದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು, ‘ಹಾಲು ಹಿಂಡಿ ಇಡೋಕೆ ರೂಮ್ ಎಲ್ಲಿದೆ ಸರ್?’ ಎಂದು ಕೇಳಿದಳು. ಸಭೆ ನಕ್ಕಿತು. ಸರ್ ಎಚ್‌ಆರ್ ಕಡೆ ನೋಡಿದರು, ಎಚ್‌ಆರ್ ಗಡಿಯಾರ ನೋಡಿದರು.

ಕಾನೂನು ಏನು ಹೇಳುತ್ತದೆಂಬುದು ಎಚ್‌ಆರ್‌ಗೆ ಗೊತ್ತಿಲ್ಲದ್ದೇನಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಎಲ್ಲರೂ ನೆನಪಿಟ್ಟುಕೊಂಡದ್ದು ಇಷ್ಟನ್ನೇ. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿತ್ತು: 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬುದಂತೂ ಹಳೆಯ ನಿಯಮ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆಲ್ಲ ಹಾಗೇ ಇವೆ.

ಈ ಅಂಕಣಕ್ಕೆ ಶಿಶುಪಾಲನಾ ಕೇಂದ್ರದ ಹುಚ್ಚು ಹಿಡಿದಿದೆ ಎಂದು ಗೊಣಗುವ ಓದುಗರಿದ್ದಾರೆ. ಹಿಡಿದಿರುವುದು ನಿಜ. ಈ ಊರಿನಲ್ಲಿ ಇಂದಿಗೂ ಅತಿ ದೊಡ್ಡ ಶಿಶುಪಾಲನಾ ಸಂಸ್ಥೆಯೆಂದರೆ ಅಜ್ಜಿ. ಸಂಬಳವಿಲ್ಲ, ವಾರದ ರಜೆಯಿಲ್ಲ. ಮಂಡಿನೋವು ಇದ್ದರೂ ಶಿರಸಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಅಂಟಿನುಂಡೆಯ ಡಬ್ಬಿ ಹಿಡಿದು ಹೊರಡುವವಳು ಅವಳೇ. ಅಜ್ಜಿ ಇಲ್ಲದವಳಿಗೆ ಉಳಿಯುವುದು ಪಕ್ಕದ ಮನೆಯ ಆಂಟಿ ಮತ್ತು ಹರಕೆ.

ಹರಕೆ ಅಂದ ಕೂಡಲೇ ‘ನಂಬಿಕೆಯನ್ನು ಲೇವಡಿ ಮಾಡುತ್ತೀರಾ’ ಎಂಬ ಪತ್ರಗಳು ಬರುತ್ತವೆ. ಲೇವಡಿ ಮಾಡುವವರು ಬೇರೆ ಇದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಬಿಟ್ಟಿ ಬಸ್ಸು ಹತ್ತಿದರೆಂದು ಜೋಕು ಹಂಚಿ ನಕ್ಕವರು ಅವರು. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಗುಡಿಯ ಮುಂದೆ ನಿಂಬೆಹಣ್ಣಿನ ದೀಪ ಹಚ್ಚುವ ಸಾಲನ್ನು ಅವರು ನೋಡಿದಂತಿಲ್ಲ. ಹೆಗಲಿಗೆ ಟಿಫನ್ ಚೀಲ, ಕೊರಳಲ್ಲಿ ಐಡಿ ಕಾರ್ಡ್. ಆ ಸಾಲಿನಲ್ಲಿ ಡ್ಯೂಟಿಗೆ ಹೊರಟವರೂ ಇರುತ್ತಾರೆ. ಗುರುವಾರ ವಿವೇಕನಗರದ ಬಾಲಯೇಸುವಿನ ಮುಂದೆ ಮೇಣದಬತ್ತಿ ಹಿಡಿದವರಲ್ಲೂ ಅಷ್ಟೇ. ಐದಾರು ತಿಂಗಳ ಕೂಸನ್ನು ಬಿಟ್ಟು ಬೆಳಗಿನ ಬಸ್ಸು ಹಿಡಿಯಬೇಕಾದರೆ ಕಾಲು ಮುಂದಕ್ಕೆ ಹೋಗಲು ಏನಾದರೊಂದು ಬೇಕು. ಆ ಹೆಂಗಸಿಗೆ ಅದು ದೇವರು. ಅದನ್ನು ಪ್ರಶ್ನಿಸುವ ಹಕ್ಕು ಉಳಿದವರಿಗಿಲ್ಲ.

ಆದರೆ ಅವಳ ನಂಬಿಕೆಯನ್ನು ಕಂಪನಿಯ ಲೆಕ್ಕಪುಸ್ತಕಕ್ಕೆ ಜಮಾ ಮಾಡಿಕೊಳ್ಳುವ ಹಕ್ಕೂ ಯಾರಿಗೂ ಇಲ್ಲ. ಇಸ್ರೋವನ್ನೇ ನೋಡಿ. ರಾಕೆಟ್ ಹಾರಿಸುವ ಮುನ್ನ ಅದರ ಪುಟ್ಟ ಮಾದರಿಯನ್ನು ತಿರುಪತಿ ತಿಮ್ಮಪ್ಪನ ಪಾದದಲ್ಲಿಟ್ಟು ಬರುವುದು ಅಲ್ಲಿನ ಹಿರಿಯರ ರೂಢಿ. 2013ರಲ್ಲಿ ಮಂಗಳಯಾನ ಹೊರಟಾಗಲೂ ಅದು ನಡೆಯಿತು, ವಿಜ್ಞಾನಿ ಸಿ.ಎನ್.ಆರ್. ರಾವ್ ಅದನ್ನು ಮೂಢನಂಬಿಕೆ ಎಂದು ನೇರವಾಗಿಯೇ ಟೀಕಿಸಿದರು. ಯಾರ ಪಕ್ಷ ವಹಿಸಿದರೂ ಒಂದು ಸಂಗತಿ ಒಪ್ಪಲೇಬೇಕು: ತಿಮ್ಮಪ್ಪನಿಗೆ ಕೈ ಮುಗಿದು ಬಂದಾಯಿತು, ಇನ್ನು ಇಂಧನದ ಪರೀಕ್ಷೆ ಬೇಡ ಎಂದು ಶ್ರೀಹರಿಕೋಟದಲ್ಲಿ ಯಾರೂ ಹೇಳಲಿಲ್ಲ. ಭಕ್ತಿ ಒಂದು ಕಡೆ, ಬಜೆಟ್ ಒಂದು ಕಡೆ. ಆ ಯಾನದ ಕಾರ್ಯಾಚರಣೆಯಲ್ಲಿ ದುಡಿದ ನಂದಿನಿ ಹರಿನಾಥ್, ರಿತು ಕರಿಧಾಳ್ ಇಬ್ಬರೂ ತಾಯಂದಿರು. ರಾಕೆಟ್ಟಿಗೆ ಸಿಗುವ ಈ ಎರಡೂ ಸೌಲಭ್ಯ ಕೆಲಸಕ್ಕೆ ಮರಳುವ ತಾಯಿಗೆ ಮಾತ್ರ ಒಟ್ಟಿಗೆ ಸಿಗುವುದಿಲ್ಲ. ಅವಳಿಗೆ ಬಜೆಟ್ಟಿನ ಬದಲಿಗೆ ಭಕ್ತಿ.

ಬೆಳವಣಿಗೆ ಅಂದರೆ ಏನೆಂದು ತಿಳಿಯಬೇಕಿದ್ದರೆ ಆ ಭಾಷಣಕಾರರು ಹಾಸನದ ಕಡೆ ನೋಡಬಹುದಿತ್ತು. ಬಾನು ಮುಷ್ತಾಕ್ ಅವರಿಗೆ 29ರ ವಯಸ್ಸಿನಲ್ಲಿ ಬಾಣಂತಿ ಖಿನ್ನತೆ ಕಾಡಿತ್ತು. ಬದುಕೇ ಬೇಡವೆನಿಸಿದ ಒಂದು ಗಳಿಗೆಯಲ್ಲಿ ಗಂಡ ಮಗುವನ್ನು ತಮ್ಮ ಕಾಲ ಬಳಿ ಇಟ್ಟು ತಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಮನೆಯೊಳಗಿಂದ ಎದ್ದು ಬಂದಾಕೆ ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದರು, ನಗರಸಭೆಗೆ ಆರಿಸಿ ಬಂದರು, ಕರಿಕೋಟು ತೊಟ್ಟು ವಕೀಲರಾದರು. ಜೊತೆಗೇ ಕಥೆ ಬರೆದರು. 2000ದಲ್ಲಿ ಮಸೀದಿಗೆ ಹೋಗಿ ಪ್ರಾರ್ಥಿಸುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ ಬಹಿಷ್ಕಾರ, ಬೆದರಿಕೆ ಎಲ್ಲ ಉಂಡರು. ಆಕೆ ಪ್ರಾರ್ಥನೆ ಬೇಡ ಅನ್ನಲಿಲ್ಲ. ಪ್ರಾರ್ಥಿಸಲು ಜಾಗ ಕೇಳಿದರು.

2025ರ ಮೇ ತಿಂಗಳಲ್ಲಿ ಆಕೆಯ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’ಗೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಇಂಟರ್‌ನ್ಯಾಷನಲ್ ಬುಕರ್ ಬಂತು. ಸೆಪ್ಟೆಂಬರ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಆಕೆಯ ನಂಬಿಕೆ ಯಾವುದೆಂದು ಅಳೆಯಲು ಹೊರಟವರು ಹೈಕೋರ್ಟಿನವರೆಗೆ, ಅಲ್ಲಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಲಿ ಬಂದರು. 22ರಂದು ಬೆಟ್ಟದ ಮೇಲೆ ಆಕೆ ಚಾಮುಂಡಿಗೆ ಹೂ ಅರ್ಪಿಸಿದರು. ನಂಬಿಕೆಯ ವಿಷಯಕ್ಕೆ ಇಷ್ಟೊಂದು ವಕೀಲರು ಸಿಗುತ್ತಾರೆ. ಹಾಲೂಡಿಸುವ ಬಿಡುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಉತ್ಸಾಹಿಗಳು ಮಾತ್ರ ಕಾಣುವುದಿಲ್ಲ.

ಹೆಸರುವಾಸಿಗಳ ಮಾತು ಬಿಡಿ ಅನ್ನುವವರು ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಬರಲಿ. ಗಾರ್ಮೆಂಟ್ಸ್‌ನ ಎಷ್ಟೋ ಹೆಂಗಸರ ಲೆಕ್ಕ ಹೀಗೆ: ಹೆರಿಗೆಗೆ ಕೆಲಸ ಬಿಡುವುದು, ಪಿಎಫ್ ತೆಗೆದು ಸಂಸಾರ ತೂಗಿಸುವುದು, ಮಗು ನಡೆಯುವಂತಾದ ಮೇಲೆ ಇನ್ನೊಂದು ಫ್ಯಾಕ್ಟರಿಯಲ್ಲಿ ಹೊಸಬಳಂತೆ ಸೇರುವುದು. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಾವ ನಾಯಕರ ಕರೆಗೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಲಾಠಿ ಬೀಸಿತು, ಬಸ್ಸುಗಳು ಹೊತ್ತಿದವು. 19ರ ಸಂಜೆಯೊಳಗೆ ಆದೇಶ ವಾಪಸಾಯಿತು. ಸೂಪರ್‌ವೈಸರ್ ಗದರಿದರೆ ತಲೆ ತಗ್ಗಿಸುತ್ತಿದ್ದವರು ದೆಹಲಿಯನ್ನು ಎರಡೇ ದಿನದಲ್ಲಿ ಮಣಿಸಿದ್ದರು. ಅವರ ಬೆಳವಣಿಗೆಗೆ ಯಾವ ಕಾರ್ಯಾಗಾರವೂ ಪ್ರಮಾಣಪತ್ರ ಕೊಡಲಿಲ್ಲ.

ಕಂಪನಿಗಳ ಪರವಾಗಿಯೂ ಒಂದು ಮಾತಿದೆ. ಇಎಸ್‌ಐ ವ್ಯಾಪ್ತಿಗೆ, ಅಂದರೆ 21,000 ರೂಪಾಯಿ ಸಂಬಳದ ಮಿತಿಗೆ, ಬಾರದವರ 26 ವಾರದ ಸಂಬಳವನ್ನು ಮಾಲೀಕರೇ ಹೊರಬೇಕು. ಸಣ್ಣ ಸಂಸ್ಥೆಗಳು ಮದುವೆಯಾದ ಹುಡುಗಿಯ ಅರ್ಜಿ ಕಂಡರೆ ಹಿಂಜರಿಯುವುದು ಅದಕ್ಕೇ. ಸರ್ಕಾರ ಈ ಹೊರೆಯಲ್ಲಿ ಪಾಲು ಪಡೆಯಬೇಕು. ಆದರೆ ನೆಲದ ಬಾಡಿಗೆಯನ್ನು ಕೋಟಿಗಳಲ್ಲಿ ಕಟ್ಟುವ ದೊಡ್ಡವರಿಗೆ ಈ ನೆಪ ಸಲ್ಲದು.

ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ ‘ಕೂಸಿನ ಮನೆ’ ಘೋಷಿಸಿತು: ನರೇಗಾ ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನೆ. ಕೊರತೆಗಳಿರಬಹುದು; ಆದರೂ ಮಣ್ಣು ಹೊರುವವಳ ಕೂಸಿಗೆ ಒಂದು ಕೋಣೆ ಬೇಕೆಂಬುದು ಪಂಚಾಯಿತಿಗೆ ಹೊಳೆದಿದೆ. ಎಷ್ಟೋ ಗಾಜಿನ ಕಟ್ಟಡಗಳಲ್ಲಿ ಇನ್ನೂ ಹೊಳೆದಿಲ್ಲ. ಅಲ್ಲಿ ಮಹಡಿಗೊಂದು ಟೇಬಲ್ ಟೆನಿಸ್ ಮೇಜಿಗೆ ಜಾಗವಿದೆ, ತೊಟ್ಟಿಲಿಗಿಲ್ಲ. ಸಂಜೆ ಏಳರ ಮೇಲೂ ಆ ಮೇಜಿನ ಸುತ್ತ ಆಡುತ್ತ ನಿಂತವರಲ್ಲಿ ಎಷ್ಟು ಮಂದಿ ಅಪ್ಪಂದಿರು ಎಂಬುದನ್ನು ಎಚ್‌ಆರ್ ಒಮ್ಮೆ ಎಣಿಸಿ ನೋಡಲಿ. ಮುಂದಿನ ‘ಪರ್ಸನಲ್ ಗ್ರೋತ್’ ಕಾರ್ಯಾಗಾರಕ್ಕೆ ಸಭಿಕರ ಪಟ್ಟಿ ಸಿದ್ಧವಾಗುತ್ತದೆ.